ಇಬ್ಬರಿಗೂ ಆಗುವ ಫ್ಯಾನ್ ಸ್ಪೀಡು

ನಮ್ಮ ಅಂಗಡಿ ಕಂಪ್ಯೂಟರಿನ ಫ್ಯಾನು ಇವತ್ತಿಗೂ ನೂರಕ್ಕೆ ಅರವತ್ತರಲ್ಲೇ ಓಡ್ತದೆ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಹಾಸನದಿಂದ ಬರೋ ರಿಪೇರಿಯವರು ಪ್ರತಿ ಸಲವೂ "ಅಕ್ಕಾ, ಆಟೋಗೆ ಹಾಕ್ಬಿಡ್ಲಾ? ಮಿಷಿನ್ನಿಗೂ ಒಳ್ಳೇದು, ನಿಮ್ ಕಿವಿಗೂ ಒಳ್ಳೇದು" ಅಂತಾರೆ. ಮುಟ್ಟಬೇಡಿ ಅಂತೀನಿ. ಒಂದ್ಸಲ ಸ್ವಲ್ಪ ಜೋರಾಗೇ ಅಂದ್ಬಿಟ್ಟೆ. ಪಾಪ, ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದರು. ಕೋಪ ನನಗೆ ಮೂಗಿನ ತುದೀಲೇ ಇರ್ತದೆ ಅನ್ನೋದು ಹೊಳೆನರಸೀಪುರದ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗೋ ಜನಕ್ಕೆಲ್ಲ ಗೊತ್ತು. ಆದರೆ ಅವತ್ತಿನದು ಕೋಪ ಆಗಿರಲಿಲ್ಲ.

ಅಂಗಡಿ ಅಂದರೆ ಎಂಥದ್ದು, ನಮ್ಮ ಮನೆಯ ಮುಂದಿನ ಕೋಣೆ. ಮೇಲೆ ಶೀಟು, ಕೆಳಗೆ ಒಂದು ಮೇಜು, ಕಂಪ್ಯೂಟರು, ಪ್ರಿಂಟರು, ಪತ್ರ ಮಾಡಿಸೋಕೆ ಬರೋ ಪಾರ್ಟಿಗಳು ಕೂರೋಕೆ ಒಂದು ಬೆಂಚು. ಒಳಕ್ಕೆ ಹೋಗೋ ಬಾಗಿಲಿಗೆ ಒಂದು ಬಟ್ಟೆ ಪರದೆ, ಪರದೆ ಆಚೆ ಮನೆ. ನಮ್ಮ ಮನೆಯವರು ಪತ್ರ ಬರಹಗಾರರು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಯಾವುದೇ ಆಗಲಿ, ಅವರು ಹೇಳೋರು, ನಾನು ಟೈಪ್ ಮಾಡೋಳು. ಪೂರ್ತಿ ಪತ್ರ ಗಟ್ಟಿಯಾಗಿ ಓದಿ ಹೇಳದೆ ಪಾರ್ಟಿ ಕೈಲಿ ಸಹಿ ಹಾಕಿಸ್ತಾ ಇರಲಿಲ್ಲ. ಅದರಲ್ಲೂ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಮಗ್ಗುಲಿಗೆ ಏನೇನಿದೆ ಅನ್ನೋದು, ಅದು ಬಂದಾಗ ಎದ್ದು ನಿಂತ್ಕೊಂಡೇ ಓದೋರು. ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ. "ಹೆಸರು ತಪ್ಪಿದ್ರೆ ತಿದ್ಬೋದು ಕಣೇ. ದಿಕ್ಕು ತಪ್ಪಿದ್ರೆ ಮೂರು ತಲೆಮಾರು ಕೋರ್ಟಿಗೆ ಅಲೀತವೆ" ಅನ್ನೋರು. ನಾನು ಒಂದಕ್ಷರ ತಪ್ಪು ಹೊಡೆದರೂ ಬಾಯಲ್ಲಿ ಹೇಳೋರಲ್ಲ, ಪೆನ್ನಿನಿಂದ ಮೇಜು ಕುಟ್ಟೋರು. ಟಕ್ ಟಕ್. ಇಪ್ಪತ್ತು ವರ್ಷಕ್ಕೂ ಮೇಲೆ ಆ ಟಕ್ ಟಕ್ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ನಾನೇನು ನಿಮ್ಮ ಮನೆ ಎತ್ತಾ ಅಂತ ಎಷ್ಟೋ ಸಲ ಕೇಳಿದ್ದೀನಿ.

ಅವರಿಗೆ ಲಕ್ವ ಹೊಡೆದದ್ದು ಚನ್ನರಾಯಪಟ್ಟಣದಲ್ಲಿ, ನೆಂಟರ ಮದುವೆ ಊಟದ ಪಂಕ್ತೀಲಿ ಕೂತಿದ್ದಾಗ. ಎಲೆ ಮೇಲಿನ ಹೋಳಿಗೆ ಎಲೆ ಮೇಲೇ ಉಳೀತು. ಹಾಸನದ ಆಸ್ಪತ್ರೇಲಿ ಜೀವ ಉಳಿಸಿ ಕಳಿಸಿದರು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಬುದ್ಧಿ ಮತ್ತೆ ಕಿವಿ ನೆಟ್ಟಗಿದ್ದವು. ಮಾತಿನಿಂದಲೇ ಬದುಕಿದ ಮನುಷ್ಯನಿಗೆ ದೇವರು ಉಳಿಸಿಕೊಟ್ಟದ್ದು ಕೇಳೋ ಕಿವಿ ಮಾತ್ರ. ನಮಗೆ ಮಕ್ಕಳಿಲ್ಲ, ಅಂಗಡಿ ಮುಚ್ಚಿದರೆ ಒಲೆ ಹೊತ್ತೋದಿಲ್ಲ. ಬರೆದವರು ಅಂತ ಪತ್ರಕ್ಕೆ ಸಹಿ ಹಾಕಿಕೊಡೋಕೆ ಪರಿಚಯದ ವಕೀಲರೊಬ್ಬರು ಒಪ್ಪಿದರು. ಹೇಳೋದು, ಟೈಪ್ ಮಾಡೋದು, ಓದೋದು ಎಲ್ಲ ನಾನೇ ಅಂತ ಆಯ್ತು.

ಪರದೆ ಆಚೆ ಕಬ್ಬಿಣದ ಮಂಚ ಹಾಕಿ ಮಲಗಿಸಿದೆ. ಎಡಗೈಗೆ ಎಟಕೋ ಹಾಗೆ ಸ್ಟೂಲಿನ ಮೇಲೆ ಒಂದು ಸ್ಟೀಲ್ ಲೋಟ, ಒಂದು ಚಮಚ. ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಒಂದಕ್ಕೋ ಎರಡಕ್ಕೋ. ಏರ್ಪಾಡೇನೋ ಚೆನ್ನಾಗಿತ್ತು. ಆದರೆ ಆಗಿನ ನಮ್ಮ ಕಂಪ್ಯೂಟರಿನ ಫ್ಯಾನು ಬೆಳಿಗ್ಗೆ ಹಾಕಿದರೆ ಸಾಯಂಕಾಲದವರೆಗೂ ಹಿಟ್ಟಿನ ಗಿರಣಿ ಥರ ಮೊರೀತಿತ್ತು. ಎದುರಿಗೆ ಕೂತ ಪಾರ್ಟಿ ಮಾತೇ ಕೇಳೋದಿಲ್ಲ, ಇನ್ನು ಚಮಚದ ಸದ್ದು ಎಲ್ಲಿಂದ ಕೇಳಬೇಕು.

ಒಂದು ದಿನ ಊಟಕ್ಕೆ ಎಬ್ಬಿಸೋಣ ಅಂತ ಒಳಗೆ ಹೋದರೆ ಹಾಸಿಗೆ ಪೂರ್ತಿ ಒದ್ದೆ. ಲೋಟ ನೆಲಕ್ಕೆ ಬಿದ್ದು ಗೋಡೆ ಹತ್ತಿರ ಹೋಗಿತ್ತು. ಎಷ್ಟು ಹೊತ್ತು ಬಡಿದಿದ್ದರೋ ಏನೋ. ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅವರನ್ನ ಒರೆಸಿ, ಬಟ್ಟೆ ಬದಲಾಯಿಸಿ, ಹೊರಗೆ ಬಂದು ಆ ಕಂಪ್ಯೂಟರ್ ಡಬ್ಬಕ್ಕೆ ಕಾಲಲ್ಲಿ ಒದ್ದೆ. ನನ್ನ ಹೆಬ್ಬೆರಳೇ ಊದಿಕೊಂಡಿತು.

ಮಾರನೇ ದಿನ ರಿಪೇರಿಯವರನ್ನ ಕರೆಸಿದೆ. ಅವರು ಡಬ್ಬ ಬಿಚ್ಚಿ, "ಇದು ಹಳೇ ಫ್ಯಾನು ಅಕ್ಕಾ, ಇದಕ್ಕೆ ನಿಧಾನ ಅನ್ನೋದೇ ಗೊತ್ತಿಲ್ಲ. ನಾಲ್ಕು ವೈರಿಂದು ಹೊಸದು ಹಾಕ್ತೀನಿ. ಒಳಗಿನ ಬಿಸಿ ನೋಡ್ಕೊಂಡು ತಾನೇ ಸ್ಪೀಡ್ ಹೆಚ್ಚುಕಮ್ಮಿ ಮಾಡ್ಕೊಳ್ತದೆ" ಅಂದರು. ಹಾಕಿದರು. ಅಂಗಡಿ ಒಂದೇ ಸಲ ಸದ್ದಡಗಿ ತಣ್ಣಗಾಯ್ತು. ನಮ್ಮ ಗೋಡೆ ಗಡಿಯಾರಕ್ಕೂ ಸದ್ದಿದೆ ಅಂತ ಗೊತ್ತಾದದ್ದೇ ಅವತ್ತು. ನಾನು ಪರದೆ ಸರಿಸಿ, "ನೋಡ್ರೀ, ಇನ್ನು ಧಾರಾಳವಾಗಿ ಬಡೀರಿ, ಕೇಳ್ತದೆ" ಅಂತ ನಕ್ಕೆ. ಅವರು ನಗಲಿಲ್ಲ.

ಬಡಿಯೋಕೆ ಶುರು ಮಾಡಿದರು ನೋಡಿ. ಒಂದಲ್ಲ, ಎರಡಲ್ಲ, ಲೆಕ್ಕ ಇಲ್ಲದ ಹಾಗೆ. ಓಡಿ ಹೋದರೆ ನೀರೂ ಬೇಡ, ಇನ್ನೊಂದೂ ಬೇಡ. ಸುಮ್ಮನೆ ನನ್ನ ಮುಖ ನೋಡೋರು. ನಾನು ವಾಪಸ್ ಬಂದು ಕೂರೋ ಹೊತ್ತಿಗೆ ಮತ್ತೆ ಟಕ್ ಟಕ್. ಅದೂ ಯಾವಾಗ? ಟೈಪ್ ಮುಗಿಸಿ, ಸ್ಕ್ರೀನ್ ಮೇಲೆ ಪತ್ರಾನ ಮನಸ್ಸಿನಲ್ಲೇ ಓದಿಕೊಳ್ಳೋ ಹೊತ್ತಿಗೆ ಸರಿಯಾಗಿ.

ಅದೇ ವಾರ ಒಂದು ವಿಭಾಗಪತ್ರ ಪಾರ್ಟಿಗೆ ಗಟ್ಟಿಯಾಗಿ ಓದಿ ಹೇಳ್ತಾ ಇದ್ದಾಗ ಬಡಿದರು. ನೋಡಿದರೆ ಪಶ್ಚಿಮಕ್ಕೆ ಅಂತ ಎರಡು ಸಲ ಬಿದ್ದಿದೆ, ಉತ್ತರ ಇಲ್ಲವೇ ಇಲ್ಲ. ಅಲ್ಲಿಗೆ ನನ್ನ ತೀರ್ಮಾನ ಆಗೋಯ್ತು. ಓಹೋ, ಇವರು ಮಲಗಿದ ಜಾಗದಿಂದಲೇ ತಪ್ಪು ಹಿಡೀತಾ ಇದ್ದಾರೆ. ಪೆನ್ನು ಹೋಗಿ ಚಮಚ ಬಂತು, ಅಷ್ಟೇ. ಆಮೇಲೆ ಯಾವಾಗ ಬಡಿದರೂ ನಾನು ಪತ್ರಾನ ಮೊದಲಿಂದ ಗಟ್ಟಿಯಾಗಿ ಓದ್ತಿದ್ದೆ. ಓದೋಕೆ ಶುರು ಮಾಡಿದ ತಕ್ಷಣ ಬಡಿಯೋದು ನಿಲ್ಲೋದು. ಪೂರ್ತಿ ಓದಿದರೂ ತಪ್ಪು ಸಿಗ್ತಿರಲಿಲ್ಲ. ಆಗ ನನಗೆ ಇನ್ನೂ ಉರಿಯೋದು. ಮನುಷ್ಯ ಮಂಚಕ್ಕೆ ಬಿದ್ದರೂ ಯಜಮಾನಿಕೆ ಬೀಳಲಿಲ್ಲವಲ್ಲಪ್ಪಾ ಅಂತ ಪಾರ್ಟಿಗಳ ಎದುರಿಗೇ ಅನ್ನುತ್ತಿದ್ದೆ. ಅವರಿಗೆ ಕೇಳಲಿ ಅಂತಲೇ ಅನ್ನುತ್ತಿದ್ದೆ.

ಒಂದು ದಿನ ತಾಳ್ಮೆ ಕಿತ್ತುಹೋಗಿ, ಚಮಚ ಕಸಿದುಕೊಂಡು ಹೋಗಿ ಅಡುಗೆಮನೆ ಗೂಡಲ್ಲಿಟ್ಟೆ. ಆಮೇಲೆ ಎಡಗೈ ಉಂಗುರದಿಂದ ಮಂಚದ ಕಬ್ಬಿಣ ಬಡಿಯೋಕೆ ಶುರು ಮಾಡಿದರು. ನಾನು ಎದ್ದು ಹೋಗಲಿಲ್ಲ. ಚಮಚ ವಾಪಸ್ ಕೊಟ್ಟದ್ದು ಸಾಯಂಕಾಲ ಅಂಗಡಿ ಮುಚ್ಚಿದ ಮೇಲೆ. ಇದನ್ನ ಬರೆಯೋಕೆ ನಾಚಿಕೆ ಆಗ್ತದೆ. ಆದರೂ ಬರೀತಾ ಇದ್ದೀನಿ.

ಅವರೆಕಾಯಿ ಕಾಲದಲ್ಲಿ ಅವರ ಅಕ್ಕ ಮಲ್ಲಿಪಟ್ಟಣದಿಂದ ಅರಕಲಗೂಡು ಬಸ್ ಹಿಡಿದು ಬಂದರು. ಓದು ಬರಹ ಇಲ್ಲದ ಹೆಂಗಸು, ಹೊಲ ಬಿಟ್ಟರೆ ಬೇರೆ ಗೊತ್ತಿಲ್ಲ. ತಮ್ಮನಿಗೆ ಅಂತ ಒಂದು ಚೀಲ ಸೊಗಡಿನ ಅವರೆ ಹೊತ್ತುಕೊಂಡು ಬಂದಿದ್ದರು. ಬೆಳಿಗ್ಗೆಯಿಂದ ಮಂಚದ ಕಾಲ ಹತ್ತಿರ ಕೂತು ಕಾಯಿ ಸುಲೀತಾ ಇದ್ದರು. ಮಧ್ಯಾಹ್ನ ನಾನು ಊಟಕ್ಕೆ ಎದ್ದಾಗ ನನ್ನ ಸಿಟ್ಟನ್ನೆಲ್ಲ ಅವರ ಮುಂದೆ ಸುರಿದೆ. "ನಿಮ್ಮ ತಮ್ಮ ನನ್ನನ್ನ ಒಂದು ಪತ್ರ ನೆಮ್ಮದಿಯಾಗಿ ಮಾಡೋಕೆ ಬಿಡ್ತಾ ಇಲ್ಲ ಅತ್ತಿಗೇ, ಕೂತರೆ ತಪ್ಪು, ನಿಂತರೆ ತಪ್ಪು" ಅಂದೆ.

ಅವರು ಕಾಳು ಬಿಡಿಸೋದು ನಿಲ್ಲಿಸಲಿಲ್ಲ. "ಅವ್ನು ನಿನ್ ತಪ್ಪು ಇಡೀತಾ ಇಲ್ಲ ಕಣವ್ವ" ಅಂದರು. "ಬೆಳುಗ್ಗಿಂದ ನೋಡ್ತಾ ಇವ್ನಿ. ನಿನ್ ಮಿಷಿನ್ನು ಮೊರೀತಾ ಇದ್ರೆ ಕಣ್ ಮುಚ್ಕೊಂಡ್ ಮನೀಕತಾನೆ. ಅದು ತಣ್ಗಾಯ್ತೋ, ಬಾಗ್ಲು ಕಡೀಕೆ ತಿರುಗ್ತಾನೆ. ಒಸಿ ಒತ್ತು ನೋಡ್ತಾನೆ, ಆಮೇಕೆ ಬಡೀತಾನೆ. ನೀನು ಅಲ್ಲೇ ಇದೀಯೋ, ಬುಟ್ಬುಟ್ಟು ಎಲ್ಲಿಗಾರ ಒಂಟೋದ್ಯೋ ಅಂತ."

"ಸುಮ್ನಿರಿ ಅತ್ತಿಗೆ, ನಾನೆಲ್ಲಿಗೆ ಹೋಗ್ತೀನಿ" ಅಂದೆ.

"ಅದು ನಿಂಗೆ ಗೊತ್ತು. ಅವ್ನಿಗೆ ಎಂಗೆ ಗೊತ್ತಾಗ್ಬೇಕು? ಓಗಿ ಮಿಷಿನ್ ಆರುಸ್ಬುಟ್ಟು ಉಸ್ರು ಬಿಡ್ದೆ ಕೂತ್ಕೋ. ನೋಡಾನ."

ಹೋಗಿ ಕಂಪ್ಯೂಟರ್ ಆಫ್ ಮಾಡಿ ಸುಮ್ಮನೆ ಕೂತೆ. ಒಳಗೆ ಟಕ್ ಅಂತು. ಟಕ್ ಟಕ್ ಟಕ್. ನಾನು ಮಾತಾಡಲಿಲ್ಲ. ಬಡಿತ ಜೋರಾಯ್ತು. ಮತ್ತೆ ಆನ್ ಮಾಡಿದೆ. ಆನ್ ಆಗೋವಾಗ ಫ್ಯಾನು ಒಂದು ಗಳಿಗೆ ಪೂರ್ತಿ ಜೋರಾಗಿ ತಿರುಗ್ತದೆ. ಆ ಮೊರೆತ ಎದ್ದ ತಕ್ಷಣ, "ನೋಡು, ಬಡಿಯಾದು ನಿಲ್ಸ್ಬುಟ್ಟ" ಅಂತ ಅತ್ತಿಗೆ ಒಳಗಿಂದ ಕೂಗಿದರು. ನಾನು ಗಟ್ಟಿಯಾಗಿ ಓದಿದಾಗ ಯಾಕೆ ನಿಲ್ಲುತ್ತಿತ್ತು ಅನ್ನೋದೂ ಆಗಲೇ ಗೊತ್ತಾದದ್ದು. ಅವರಿಗೆ ಬೇಕಾಗಿದ್ದದ್ದು ಪತ್ರ ಅಲ್ಲ. ಅಯ್ಯೋ ಶಿವನೇ, ನಾನೆಂಥ ಹೆಂಗಸು ಅನ್ನಿಸಿ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ.

ಅತ್ತರೆ ದಾರಿ ಸಿಗುತ್ತಾ? ಫ್ಯಾನ್ ಜೋರಿದ್ದರೆ ನಾನಿರೋದು ಅವರಿಗೆ ಗೊತ್ತಾಗ್ತದೆ, ಅವರು ಕರೆದದ್ದು ನನಗೆ ಕೇಳೋದಿಲ್ಲ. ನಿಧಾನ ಇದ್ದರೆ ಅವರು ಕರೆದದ್ದು ನನಗೆ ಕೇಳ್ತದೆ, ನಾನಿರೋದು ಅವರಿಗೆ ಗೊತ್ತಾಗೋದಿಲ್ಲ. ಅತ್ತ ದರಿ, ಇತ್ತ ಪುಲಿ. ರಿಪೇರಿಯವರಿಗೆ ಫೋನ್ ಮಾಡಿ, ನನಗೆ ನಡುವಿನದು ಒಂದು ಸ್ಪೀಡ್ ಬೇಕು, ಅದು ಏರಬಾರದು ಇಳೀಬಾರದು ಅಂದೆ. ಅವರು ಕಾರಣ ಕೇಳಲಿಲ್ಲ. "ಆನ್ ಆಗೋವಾಗ ಡಿಲೀಟ್ ಒತ್ತುತ್ತಾ ಇರಿ, ಬೇರೆ ಥರ ಸ್ಕ್ರೀನ್ ಬರ್ತದೆ. ಅದರಲ್ಲಿ ಫ್ಯಾನಿಂದು ಒಂದು ಗೆರೆ ಇರ್ತದೆ ನೋಡಿ, ಬಿಸಿ ಏರಿದ ಹಾಗೆ ಸ್ಪೀಡ್ ಏರೋದು. ಆ ಗೆರೆ ಮೇಲಿನ ಚುಕ್ಕೆಗಳನ್ನೆಲ್ಲ ಒಂದೇ ಮಟ್ಟಕ್ಕೆ ಎಳೆದುಬಿಡಿ" ಅಂದರು. ಕೊನೇಲಿ, "ಬೇಸಿಗೇಲಿ ಮಾತ್ರ ಜಾಸ್ತಿ ಮಾಡ್ಕೊಳ್ಳಿ ಅಕ್ಕಾ, ಮರೀಬೇಡಿ. ಇಲ್ಲಾಂದ್ರೆ ಬಿಸಿಗೆ ತಾನೇ ಆಫ್ ಆಗ್ಬಿಡ್ತದೆ" ಅಂತಲೂ ಅಂದರು. ಆಯ್ತು ಆಯ್ತು ಅಂದೆ.

ಅವತ್ತು ಮಧ್ಯಾಹ್ನ ಪೂರ್ತಿ ಅದೇ ಕೆಲಸ. ನಾನು ಮೇಜಿನ ಮುಂದೆ, ಅತ್ತಿಗೆ ಪರದೆ ಆಚೆ. ಪ್ರತಿ ಸ್ಪೀಡಿಗೂ ಒಂದು ಸಲ ಚಮಚ ಬಡೀರಿ ಅಂತ ನಮ್ಮ ಮನೆಯವರಿಗೆ ಹೇಳಿದ್ದೆ. ನಲವತ್ತಕ್ಕೆ ಇಟ್ಟೆ. "ಇಲ್ಲ ಕಣೆ, ಬಾಗ್ಲೇ ನೋಡ್ತಾವ್ನೆ" ಅಂತ ಒಳಗಿಂದ ಕೂಗಿದರು. ಎಂಬತ್ತಕ್ಕೆ ಇಟ್ಟೆ. ಚಮಚದ ಸದ್ದು ನನಗೆ ಬರಲಿಲ್ಲ. ಎಪ್ಪತ್ತಕ್ಕೆ, ಉಸಿರು ಕಟ್ಟಿ ಕೇಳಿದರೆ ಬಂದ ಹಾಗಿತ್ತು. ಪ್ರತಿ ಸಲವೂ ಆಫ್ ಮಾಡು, ಆನ್ ಮಾಡು, ಡಿಲೀಟ್ ಒತ್ತು, ಚುಕ್ಕೆ ಎಳಿ. ಬೆಂಚಿನ ಮೇಲೆ ಕಾಯ್ತಾ ಕೂತಿದ್ದ ಪಾರ್ಟಿಯವರು ನಾಳೆ ಬತ್ತೀವಿ ಅಂತ ಎದ್ದೇ ಹೋದರು. ಅರವತ್ತಕ್ಕೆ ಇಟ್ಟಾಗ ಒಳಗಿಂದ ಒಂದು ಟಕ್ ಬಂತು, ಸ್ಪಷ್ಟವಾಗಿ. ಹೋಗಿ ನೋಡಿದೆ. ಎಡಗೈ ಎತ್ತಿ, ಊಟ ಬಡಿಸೋರಿಗೆ ಸಾಕು ಅನ್ನೋ ಹಾಗೆ ಅಲ್ಲಾಡಿಸಿದರು. ನಕ್ಕರು ಕೂಡ, ಅರ್ಧ ಬಾಯಲ್ಲಿ.

ಆಮೇಲಿನ ಎರಡು ಮೂರು ತಿಂಗಳು ನಮ್ಮ ಮಟ್ಟಿಗೆ ಚೆನ್ನಾಗಿದ್ದವು. ನೀರಿಗೆ ಒಂದು, ಇನ್ನೊಂದಕ್ಕೆ ಎರಡು, ಅಷ್ಟು ಬಿಟ್ಟರೆ ಬಡಿತ ಇಲ್ಲ. ತಪ್ಪು ಸಿಕ್ಕಾಗ ಮಾತ್ರ ಬಿಡುತ್ತಿರಲಿಲ್ಲ. ನನಗೂ ಒಂದು ಆಟ ಸಿಕ್ಕಿತ್ತು. ಬೇಕಂತಲೇ ಚಕ್ಕುಬಂದೀಲಿ ಒಂದು ದಿಕ್ಕು ಬಿಟ್ಟು ಓದೋದು. ಪೂರ್ವಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ ಅನ್ನೋಷ್ಟರಲ್ಲಿ ಒಳಗಿಂದ ಟಕ್ ಟಕ್ ಟಕ್ ಅಂತ ಸಿಟ್ಟಿನಿಂದ ಬರೋದು. "ಬಿಟ್ಟಿಲ್ಲ ಕಣ್ರೀ, ಓದ್ತೀನಿ" ಅಂತ ನಗ್ತಿದ್ದೆ. ಇಷ್ಟು ವರ್ಷ ಯಾವ ಸದ್ದಿಗೆ ಮೈ ಉರೀತಿತ್ತೋ ಅದನ್ನೇ ಕೆಣಕಿ ಕೇಳಿಸಿಕೊಳ್ತಾ ಇದ್ದೆ.

ಯುಗಾದಿ ಆದ ಮೇಲೆ ಬಿಸಿಲು ಶುರುವಾಯ್ತು. ಶೀಟಿನ ಮಾಡು ರೊಟ್ಟಿ ಹಂಚಿನ ಹಾಗೆ ಕಾಯೋದು. ಸ್ಪೀಡ್ ಜಾಸ್ತಿ ಮಾಡಬೇಕು ಅನ್ನೋದು ನೆನಪಿತ್ತು, ಇಲ್ಲ ಅಂತ ಸುಳ್ಳು ಹೇಳೋದಿಲ್ಲ. ಜಾಸ್ತಿ ಮಾಡಿದರೆ ಚಮಚ ಕೇಳೋದಿಲ್ಲವಲ್ಲ ಅಂತ ದಿನ ದೂಡಿದೆ. ಈಗ ಬೇಸಿಗೆ ಬಂದರೆ ಡಬ್ಬದ ಮಗ್ಗುಲು ತೆಗೆದು ಅದಕ್ಕೆ ಟೇಬಲ್ ಫ್ಯಾನ್ ತಿರುಗಿಸಿಡ್ತೀನಿ. ಈ ಬುದ್ಧಿ ಆಗ ಬರಲಿಲ್ಲ.

ಅವತ್ತು ತೆಂಗಿನ ತೋಟದ ಒಂದು ಕ್ರಯಪತ್ರ ಇತ್ತು. ಕೊಳ್ಳೋರು ಮಾರೋರು ಸೇರಿ ಆರು ಜನ ಅಂಗಡಿ ತುಂಬಾ ನಿಂತಿದ್ದರು. ಆಫೀಸಿನಲ್ಲಿ ಅವರಿಗೆ ಸಿಕ್ಕಿದ್ದ ಸಮಯ ಹನ್ನೆರಡೂವರೆ. ಹನ್ನೆರಡಕ್ಕೆ ಇನ್ನೂ ಚಕ್ಕುಬಂದಿ ಟೈಪ್ ಮಾಡ್ತಾ ಇದ್ದೆ, ಸ್ಕ್ರೀನು ತಟ್ ಅಂತ ಕಪ್ಪಾಯ್ತು. ಫ್ಯಾನು ನಿಂತು ಹೋಯ್ತು. ಕೊನೆಯ ಎರಡು ಪುಟ ಸೇವ್ ಮಾಡಿರಲಿಲ್ಲ. ನಾನು ಬಟನ್ ಒತ್ತುತ್ತಾ ಇದ್ದೀನಿ, ಅದು ಏಳ್ತಾ ಇಲ್ಲ. ಒಳಗಿಂದ ಟಕ್ ಅಂತು. "ಏನವ್ವಾ, ಟೈಮ್ ಆಯ್ತದಲ್ಲ" ಅಂತ ಕೊಳ್ಳೋರು ಅಂದರು. ಒಳಗೆ ಟಕ್ ಟಕ್ ಟಕ್. ಮಾರೋರು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದಿದ್ದರು. ಟಕ್ ಟಕ್ ಟಕ್ ಟಕ್. ನಾನು ಪರದೆ ಕಡೆ ತಿರುಗಿ ಕಿರುಚಿದೆ.

"ಇಲ್ಲೇ ಬಿದ್ದಿದೀನಿ ಕಣ್ರೀ, ಸತ್ತಿಲ್ಲ! ಬಾಯ್ಮುಚ್ಕೊಂಡು ಸುಮ್ನಿರ್ರೀ!"

ಬಡಿತ ನಿಂತಿತು. ಮಾತು ಬಾರದ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಿ ಅಂದಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಹಾಗೆ ಹೋಯ್ತು.

ಐದು ನಿಮಿಷ ತಣಿಯೋಕೆ ಬಿಟ್ಟ ಮೇಲೆ ಮಿಷಿನ್ ಎದ್ದಿತು. ಮತ್ತೆ ಆಫ್ ಆಗದಿರಲಿ ಅಂತ ಡಿಲೀಟ್ ಒತ್ತಿ ಫ್ಯಾನನ್ನ ಫುಲ್ಲಿಗೆ ಹಾಕಿದೆ. ಅದು ಹಳೇ ಗಿರಣಿ ಥರವೇ ಮೊರೆಯೋಕೆ ಹತ್ತಿತು. ಒಂದು ಕ್ಷಣ ಸಮಾಧಾನವೂ ಆಯ್ತು, ಈ ಸದ್ದಿಗೆ ಇನ್ನು ನಿಶ್ಚಿಂತೆಯಿಂದ ಮಲಗ್ತಾರೆ ಅಂತ. ಎರಡು ಪುಟ ಮತ್ತೆ ಟೈಪ್ ಮಾಡಿ, ಆ ಮೊರೆತದ ಮೇಲೆ ಕೂಗಿ ಕೂಗಿ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಪ್ರಿಂಟು ತಗೊಂಡು ಓಡಿದರು. ನಾನು ರಾಗಿ ಗಂಜಿ ಬಿಸಿ ಮಾಡಿಕೊಂಡು ಒಳಗೆ ಹೋದೆ.

ಅವರು ಹೋಗಿಬಿಟ್ಟಿದ್ದರು. ಮುಖ ಬಾಗಿಲ ಕಡೆಗಿತ್ತು. ಚಮಚ ಎಡಗೈಯಲ್ಲೇ ಇತ್ತು. ಹೊರಗೆ ಫ್ಯಾನು ಮೊರೀತಾನೇ ಇತ್ತು. ಡಾಕ್ಟರು ಬಂದು ನೋಡಿ ಹೃದಯ ನಿಂತಿದೆ ಅಂದರು. ಯಾವ ಹೊತ್ತಿಗೆ ಅಂತ ಕೇಳಿದೆ. ಅದು ಹೇಳೋಕಾಗಲ್ಲಮ್ಮ ಅಂದರು.

ತಿಥಿ ಮುಗಿಸಿ ಹೊರಡುವಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡು, "ಮಿಷಿನ್ ಸದ್ದು ಕೇಳ್ತಿತ್ತಲ್ಲವ್ವ. ನೀನು ಅಲ್ಲೇ ಇದೀಯ ಅಂತ ಅವ್ನಿಗೆ ಗೊತ್ತಿತ್ತು, ಬುಡು" ಅಂದರು. ಆ ಒಂದು ಮಾತು ಹಿಡ್ಕೊಂಡೇ ನಾನು ಮತ್ತೆ ಅಂಗಡಿ ಬಾಗಿಲು ತೆಗೆದದ್ದು. ಫ್ಯಾನನ್ನ ವಾಪಸ್ ಅರವತ್ತಕ್ಕೆ ತಂದಿಟ್ಟೆ.

ಮಳೆಗಾಲ ಹಿಡಿಯೋ ಹೊತ್ತಿಗೆ ಆ ತೋಟ ಕೊಂಡವರು ಪತ್ರ ಹಿಡ್ಕೊಂಡು ವಾಪಸ್ ಬಂದರು. "ಅವ್ವಾ, ಇದ್ರಲ್ಲಿ ಉತ್ರಕ್ಕೆ ಅಂತ ಎಲ್ಡು ಸಲ ಐತೆ. ದಕ್ಷಿಣನೇ ಇಲ್ವಂತೆ. ಬ್ಯಾಂಕ್ನೋರು ಸಾಲ ಆಗಲ್ಲ ಅಂದ್ರು" ಅಂದರು. ನೋಡಿದೆ. ನನ್ನದೇ ಕೈ ತಪ್ಪು. ಅವಸರದಲ್ಲಿ ಮತ್ತೆ ಟೈಪ್ ಮಾಡಿದ ಪುಟ. ಓದಿ ಹೇಳಿದವಳೂ ನಾನೇ, ಗಂಟಲು ಹರಿಯೋ ಹಾಗೆ.

ಈ ತಪ್ಪಿಗೆ ಅವರು ಬಡೀದೇ ಇರೋ ಮನುಷ್ಯ ಅಲ್ಲ. ಹಾಗಾದರೆ ನಾನು ಓದೋ ಹೊತ್ತಿಗೆ ಆಗಲೇ ಹೋಗಿದ್ದರಾ? ಇಲ್ಲ, ಫ್ಯಾನಿನ ಮೊರೆತದಲ್ಲಿ ನನ್ನ ದನಿ ಅವರಿಗೆ ಕೇಳಲಿಲ್ಲವಾ? ಇಲ್ಲ, ಅವರು ಬಡಿದದ್ದೇ ನನಗೆ ಕೇಳಲಿಲ್ಲವಾ? ಇವು ಮೂರನ್ನೂ ಹೇಗೋ ಹೊಟ್ಟೇಲಿ ಹಾಕ್ಕೊಬಹುದು. ನಾಲ್ಕನೆಯದೊಂದಿದೆ. ತಪ್ಪು ಕಿವಿಗೆ ಬಿದ್ದು, ಚಮಚ ಕೈಯಲ್ಲಿ ಹಿಡಿದು, ಸುಮ್ಮನಿರು ಅಂದಿದ್ದಾಳಲ್ಲ ಅಂತ ಸುಮ್ಮನಿದ್ದರಾ? ಯಾರನ್ನ ಕೇಳಲಿ.

ತಿದ್ದುಪಡಿ ಪತ್ರ ಅವತ್ತೇ ಟೈಪ್ ಮಾಡಿದೆ. ಅಂಗಡೀಲಿ ಕೊಂಡವರು, ಮಾರಿದವರಲ್ಲಿ ಹಿರಿಯರು, ನಾನು, ಮೂರೇ ಜನ. ಫ್ಯಾನು ಅರವತ್ತರಲ್ಲಿತ್ತು. ಓದಿ ಹೇಳೋಕೆ ಎದ್ದು ನಿಂತೆ. ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ದಾಯಾದಿಗಳ ತೋಟ, ಉತ್ತರಕ್ಕೆ ಗಾಡಿ ಜಾಡು. ಆಮೇಲೆ ಗಟ್ಟಿಯಾಗಿ, ಇನ್ನೊಂದು ಸಲ, "ಉತ್ತರಕ್ಕೆ" ಅಂದೆ. ಪರದೆ ಕಡೆ ತಿರುಗಿ ನಿಂತೆ.

"ಅವ್ವಾ, ಮತ್ತೆ ಉತ್ರಾನೇ ಓದುದ್ರಲ್ಲ" ಅಂದರು ತೋಟ ಕೊಂಡವರು.

"ಹೌದು, ತಪ್ಪಾಯ್ತು" ಅಂದೆ. ದಕ್ಷಿಣಕ್ಕೆ ಸರ್ಕಾರಿ ಹಳ್ಳ ಅಂತ ಓದಿ, ಸಹಿ ಹಾಕಿ ಅಂತ ಪೆನ್ನು ಕೊಟ್ಟೆ.